ವಾಲ್ವಿನ ಗುಂಡಿ

ನನ್ನ ಕೈ ಮೂಸಿ ನೋಡಿದರೆ ನಿಮಗೆ ಊಟ ಸೇರುವುದಿಲ್ಲ. ಬೆಂದ ಹುಳದ ವಾಸನೆ ಅದು. ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ. ಉಜ್ಜುವುದಕ್ಕೆ ನಮಗೆ ನೀರಾದರೂ ಎಲ್ಲಿತ್ತು.

ಶಿಡ್ಲಘಟ್ಟದಿಂದ ಸಾದಲಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರು ದಾಟಿದರೆ ನಮ್ಮ ಕಾಲೊನಿ. ಕಾಲೊನಿ ದಾಟಿದರೆ ರಮೇಶ್‌ಬಾಬು ಅವರ ರೇಷ್ಮೆ ನೂಲು ತೆಗೆಯುವ ಫ್ಯಾಕ್ಟರಿ. ಕಾಲೊನಿಯ ಹೆಂಗಸರಲ್ಲಿ ಕೈಕಾಲು ಆಡುವವರೆಲ್ಲ ದುಡಿಯುವುದು ಅಲ್ಲೇ. ನಾನು ಅನಸೂಯಮ್ಮ. ಮದುವೆಯಾಗಿ ಬಂದ ವರ್ಷ ಆ ಗೇಟಿನೊಳಗೆ ಕಾಲಿಟ್ಟವಳು, ಈಗ ತಲೆ ನರೆಯುತ್ತಿದೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ರೇಷ್ಮೆಗೂಡು ಬೇಯಿಸಿ ತಂದು ನಮ್ಮ ಮುಂದಿನ ಬೇಸಿನ್ನಿಗೆ ಸುರಿಯುತ್ತಾರೆ. ಬೇಸಿನ್ನೆಂದರೆ ಬಿಸಿನೀರಿನ ತೊಟ್ಟಿ, ಒಬ್ಬೊಬ್ಬಳಿಗೆ ಒಂದೊಂದು. ಆ ನೀರಿಗೆ ಬೆರಳಿಟ್ಟು ಗೂಡಿನ ಎಳೆ ಹುಡುಕಿ ಹಿಡಿದು ರಾಟೆಗೆ ಕೊಡಬೇಕು. ಎಳೆ ಕೂದಲಿಗಿಂತ ಸಣ್ಣ. ಗ್ಲೌಸು ಹಾಕಿಕೊಂಡರೆ ಸಿಕ್ಕುವುದಿಲ್ಲ. ಬರಿಗೈಯೇ ಬೇಕು. ಅದಕ್ಕೇ ಪ್ರತಿಯೊಬ್ಬಳ ಪಕ್ಕದಲ್ಲೂ ಒಂದು ಬೋಗುಣಿ ತಣ್ಣೀರು ಇಟ್ಟಿರುತ್ತಾರೆ. ಬಿಸಿಯಲ್ಲಿ ಅದ್ದು, ಎಳೆ ಹಿಡಿ, ತಣ್ಣೀರಲ್ಲಿ ಅದ್ದು, ಮತ್ತೆ ಬಿಸಿ. ಬೆಳಗಿನಿಂದ ಸಂಜೆಯವರೆಗೆ ಕೈಗೆ ಇರುವ ಸುಖ ಆ ಬೋಗುಣಿ ಒಂದೇ.

ಹೋದ ಬೇಸಿಗೆಯಲ್ಲಿ ಫ್ಯಾಕ್ಟರಿಯ ಬೋರ್‌ವೆಲ್ ಕೈಕೊಟ್ಟಿತು. ಮೊದಲು ಕೆಸರು ಬಂತು, ಆಮೇಲೆ ಗಾಳಿ ಬಂತು, ಆಮೇಲೆ ಮೋಟಾರೂ ಸುಟ್ಟುಹೋಯಿತು. ಟ್ಯಾಂಕರಿನವರು ಬರುತ್ತೇವೆಂದು ಹೇಳಿ ಬೇರೆಯವರ ಹತ್ತಿರ ಹೋದರು. ಗೂಡು ತಂದಿಟ್ಟರೆ ಚಿಟ್ಟೆ ಕೊರೆದು ಹಾಳಾಗುತ್ತದೆ, ಕಾಯುವುದಿಲ್ಲ. ರಮೇಶ್‌ಬಾಬು ತಲೆಯ ಮೇಲೆ ಕೈ ಹೊತ್ತು ಕೂರುವ ಆಳಲ್ಲ. ಚಿಕ್ಕಬಳ್ಳಾಪುರದಲ್ಲಿ ಏನೋ ಸಭೆಗೆ ಹೋಗಿ ಬಂದರು. ನೀರು ನಿಂತುಹೋದರೆ ಉದ್ದಿಮೆಯವರು ಹೇಗೆ ತಯಾರಾಗಿರಬೇಕು ಎಂದು ಕಲಿಸುವವನೊಬ್ಬನನ್ನು ಬೆಂಗಳೂರಿನಿಂದ ಕರೆಸಿದರು.

ಬಂದವನು ಒಳ್ಳೆಯ ಹುಡುಗನೇ. ಚೆನ್ನಾಗಿ ಇಸ್ತ್ರಿ ಮಾಡಿದ ಶರ್ಟು, ಪಾಠದ ಪುಸ್ತಕದಂಥ ಕನ್ನಡ. ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ. ನೀರು ಎಲ್ಲೆಲ್ಲಿ ಖರ್ಚಾಗುತ್ತದೆ ನೋಡಿಕೊಳ್ಳಿ, ಬೇಡದ ಕಡೆ ಮೊದಲು ನಿಲ್ಲಿಸಿ ಎಂದ. ಸಂಪು ಸದಾ ತುಂಬಿಸಿಡಿ ಎಂದ. ಒಂದು ಸಲ ಬಳಸಿದ ನೀರನ್ನು ಚೆಲ್ಲದೆ ಇನ್ನೊಂದಕ್ಕೆ ಬಳಸಿ ಎಂದ. ಒಂದೇ ಬೋರನ್ನು ನಂಬಿ ಕೂರಬೇಡಿ, ಇನ್ನೊಂದು ಕಡೆಯ ನೀರಿಗೂ ದಾರಿ ಮಾಡಿಟ್ಟುಕೊಳ್ಳಿ ಎಂದ. ಕಡೆಗೆ, ಏನೇ ಆದರೂ ಕೆಲಸದವರ ಕುಡಿಯುವ ನೀರು, ಕಕ್ಕಸಿನ ನೀರು ಮಾತ್ರ ನಿಲ್ಲಿಸಬಾರದು ಎಂದೂ ಹೇಳಿದ. ಆ ಮಾತು ನನಗೆ ಚೆನ್ನಾಗಿ ಕೇಳಿಸಿತು. ರಮೇಶ್‌ಬಾಬು ಅದೇ ಹೊತ್ತಿಗೆ ಫೋನು ಬಂತೆಂದು ಹೊರಗೆ ಹೋಗಿದ್ದರು.

ಅವನು ಹೋದ ಮರುದಿನವೇ ನಮ್ಮ ಕಕ್ಕಸಿಗೆ ಬೀಗ ಬಿತ್ತು. ಬೋಗುಣಿಗಳನ್ನು ಒಂದರೊಳಗೊಂದು ಜೋಡಿಸಿ ಗೋಡೌನಿಗೆ ಸಾಗಿಸಿದರು. ಬೇಡದ ಖರ್ಚೆಂದರೆ ಇವೇ. ಆಫೀಸಿನ ಹಿಂದಿನ ಕಕ್ಕಸು ತೆರೆದೇ ಇತ್ತು. ಗೇಟಿನ ಪಕ್ಕದ ಹುಲ್ಲಿಗೆ ಪೈಪು ಬಿಡುವುದೂ ನಿಲ್ಲಲಿಲ್ಲ. ನಾನು ಕೇಳಿಯೇ ಕೇಳಿದೆ. ಫ್ಯಾಕ್ಟರಿಯ ಲೆಕ್ಕ ಬರೆಯುವ ರೈಟರ್ ನಕ್ಕು, ಹುಲ್ಲು ಒಣಗಿದರೆ ಮತ್ತೆ ಹುಟ್ಟಲ್ಲ ಕಣಮ್ಮ ಎಂದ. ನಮ್ಮ ಬೆರಳಿನ ತೊಗಲು ಹುಟ್ಟುತ್ತದಲ್ಲ, ಆ ಧೈರ್ಯ ಅವನಿಗೆ.

ಸಂಜೆಯ ಹೊತ್ತಿಗೆ ಬೆರಳ ತುದಿ ಬಿಳಿಚಿಕೊಂಡು ಸುಲಿಯುತ್ತಿತ್ತು. ಮನೆಯಲ್ಲಿ ಸಾರಿಗೆ ಖಾರ ಕಲಸಲು ಆಗುತ್ತಿರಲಿಲ್ಲ. ಮುದ್ದೆ ಮುಟ್ಟಿದರೆ ಉರಿ. ಅನ್ನ ಕಲಸಿ ತಿನ್ನಲು ಚಮಚ ಹಿಡಿದೆವು, ಚಮಚವೂ ಉರಿಯಿತು.

ಕಕ್ಕಸಿಗೆ ದಾರಿಯೇನು. ಸುತ್ತ ಎಲ್ಲ ಬಯಲು, ದ್ರಾಕ್ಷಿ ತೋಟಕ್ಕೆ ಬೇಲಿ, ರಸ್ತೆಯಲ್ಲಿ ಗಂಡಸರು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಬೆಳಿಗ್ಗೆ ಕಾಫಿ ಕೂಡ ಬಿಟ್ಟರು. ಬಿಸಿನೀರಿನ ಆವಿಯಲ್ಲಿ ಕುಳಿತು ಬೆವರು ಸುರಿಸುತ್ತ, ಗಂಟಲಿಗೆ ಒಂದು ತೊಟ್ಟು ಬಿಡದೆ ಸಂಜೆಯವರೆಗೆ ತಡೆದುಕೊಳ್ಳುವುದು ಅಭ್ಯಾಸವಾಯಿತು. ನನ್ನ ಪಕ್ಕದ ಬೇಸಿನ್ನಿನ ಕಲ್ಯಾಣಿಗೆ ಉರಿಮೂತ್ರ ಹತ್ತಿ ಜ್ವರ ಬಂತು. ಸಣ್ಣ ವಯಸ್ಸು, ಗಂಡ ಬಿಟ್ಟುಹೋಗಿದ್ದಾನೆ, ಕಂಕುಳಲ್ಲಿ ಮಗು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿ, ಮಾತ್ರೆಗಿಂತ ಮುಖ್ಯ ನೀರು ಕಣಮ್ಮ, ಚೆನ್ನಾಗಿ ನೀರು ಕುಡಿ ಎಂದರು. ಕಲ್ಯಾಣಿ ಅಲ್ಲೇ ನಕ್ಕುಬಿಟ್ಟಳು. ನಾನೂ ನಕ್ಕೆ. ಡಾಕ್ಟರಮ್ಮನಿಗೆ ಸಿಟ್ಟು ಬಂತು. ಯಾಕೆ ನಕ್ಕೆವೆಂದು ಹೇಳಿಕೊಳ್ಳಲು ನಮ್ಮಿಬ್ಬರಿಗೂ ನಾಚಿಕೆ.

ಇಷ್ಟು ಸಾಲದೆಂದು ಇನ್ನೊಂದು ಕಡೆಯ ನೀರಿಗೂ ದಾರಿ ಮಾಡಿದರು. ಆ ಇನ್ನೊಂದು ಕಡೆ ಯಾವುದೆಂದರೆ ನಮ್ಮ ಕಾಲೊನಿ.

ನಮ್ಮ ಬೋರ್‌ವೆಲ್ ಕೆರೆಯ ಕೆಳಗಿದೆ. ಸಿಹಿನೀರು. ಊರಿನವರು ಹಿಂದೆ ಅದರ ನೀರು ಮುಟ್ಟುತ್ತಿರಲಿಲ್ಲ, ಈಗಲೂ ಮುಟ್ಟುವುದಿಲ್ಲ, ಈಗ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಪಂಚಾಯ್ತಿಯಲ್ಲಿ ರಮೇಶ್‌ಬಾಬು ಅವರ ಮಾತು ನಡೆಯುತ್ತದೆ. ತುರ್ತಿಗೆ ಮಾತ್ರ, ಮಳೆ ಬರುವವರೆಗೆ ಎಂದು ಹೇಳಿ ನಮ್ಮ ಲೈನಿನಿಂದ ಫ್ಯಾಕ್ಟರಿಗೆ ಪೈಪು ಎಳೆಸಿದರು. ರಸ್ತೆಬದಿಯ ಗುಂಡಿಯಲ್ಲಿ ವಾಲ್ವು ಕೂರಿಸಿದರು. ಒಂದು ಕಡೆ ತಿರುಗಿಸಿದರೆ ನೀರು ಕಾಲೊನಿಯ ನಲ್ಲಿಗಳಿಗೆ, ಇನ್ನೊಂದು ಕಡೆ ತಿರುಗಿಸಿದರೆ ಫ್ಯಾಕ್ಟರಿಯ ಸಂಪಿಗೆ. ಎರಡೂ ಕಡೆ ಒಟ್ಟಿಗೆ ಹೋಗುವುದಿಲ್ಲ.

ಆ ಗುಂಡಿಗೆ ಚರಂಡಿ ಒಸರುತ್ತದೆ. ತೊಡೆ ಮಟ್ಟ ಕಪ್ಪು ರೊಚ್ಚು. ಅದರಲ್ಲಿ ಇಳಿದು ಬಗ್ಗಿ, ರೊಚ್ಚಿನೊಳಗೆ ಕೈ ಆಡಿಸಿ ವಾಲ್ವಿನ ತಲೆ ಹುಡುಕಿ, ಉದ್ದನೆಯ ಕಬ್ಬಿಣದ ಕೀ ಕಚ್ಚಿಸಿ ತಿರುಗಿಸಬೇಕು. ಪಂಚಾಯ್ತಿಯ ವಾಟರ್‌ಮ್ಯಾನ್ ದಿನಾ ಇಳಿದು ತಿರುಗಿಸುತ್ತಿದ್ದ. ಆ ವಾಟರ್‌ಮ್ಯಾನ್ ನನ್ನ ಗಂಡ ಕೋನಪ್ಪ.

ನೋಡಿ ನಮ್ಮ ಬದುಕು. ನಮ್ಮ ನಲ್ಲಿಯ ನೀರು ನಿಲ್ಲಿಸಿ ಫ್ಯಾಕ್ಟರಿಗೆ ಬಿಡುವ ಕೈ ನನ್ನ ಗಂಡನದು. ಆ ನೀರಲ್ಲಿ ಬೇಯುವ ಕೈ ನನ್ನದು. ಸಂಜೆ ಇಬ್ಬರೂ ಮನೆಗೆ ಬಂದರೆ ಅವನ ಕಾಲಿನ ರೊಚ್ಚು ತೊಳೆಯಲೂ ನೀರಿಲ್ಲ, ನನ್ನ ಕೈಯ ನಾತ ತೊಳೆಯಲೂ ನೀರಿಲ್ಲ. ಬೆಳಗಿನ ಜಾವ ಒಂದಿಷ್ಟು ಹೊತ್ತು ಬಿಡುತ್ತಿದ್ದರು. ಅದರಲ್ಲೇ ಕುಡಿಯುವುದು, ಅಡುಗೆ, ದನ, ಮಕ್ಕಳು, ಬಾಣಂತಿಯರು. ಸಿಗದೆ ಉಳಿದವರು ಹೊಡೆದಾಡಿಕೊಂಡರು. ಹೆಂಗಸರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ವಾಟರ್‌ಮ್ಯಾನ್ ಹೆಂಡತಿ ಮನೆಯಲ್ಲಿ ಡ್ರಮ್ಮು ತುಂಬಿರುತ್ತದೆ ಎಂದುಕೊಂಡಿದ್ದರು.

ಒಂದು ದಿನ ತಡೆಯಲಾಗದೆ ಗಂಡನಿಗೆ ಬೈದೆ. ನಿನ್ನ ಕೈಗೆ ಏನು ರೋಗ, ನಮ್ಮ ಕಡೆಗೇ ತಿರುಗಿಸಿಟ್ಟು ಬಾ ಎಂದೆ. ಅವನು ಕೂತಲ್ಲಿಂದ ಏಳಲಿಲ್ಲ.

"ತಿರುಗಿಸ್ತೀನಿ ಬಿಡು. ಫ್ಯಾಕ್ಟ್ರಿ ನಿಂತೋಯ್ತದೆ. ಅಷ್ಟೂ ಜನ ಹೆಂಗಸ್ರು ಮನೇಲ್ ಕೂತ್ಕೊಂಡ್ರೆ ಸಂಜೆಗೆ ಒಲೆ ಮೇಲೆ ಏನಿಡ್ತೀರ, ಬರೀ ಎಸರಾ?"

ಅವನು ಹೇಳಿದ್ದು ನಿಜ. ನೀರು ಬೇಕೆಂದರೆ ಕೂಲಿ ಇಲ್ಲ, ಕೂಲಿ ಬೇಕೆಂದರೆ ನೀರಿಲ್ಲ. ಯಾವ ಕಡೆ ಹೊರಳಿದರೂ ಬೆನ್ನಿಗೆ ಗೋಡೆ. ನನಗೆ ಬಂದ ಸಿಟ್ಟು ಅವನ ಮೇಲಿನದಲ್ಲ ಎಂದು ಗೊತ್ತಿದ್ದೂ ಅವನ ಮೇಲೇ ತೀರಿಸಿಕೊಳ್ಳುತ್ತಿದ್ದೆ. ಬೇರೆ ಯಾರು ನನ್ನ ಕೈಗೆ ಸಿಗುತ್ತಾರೆ.

ಮೂಲೆಯಲ್ಲಿ ಮಲಗಿದ್ದ ನಮ್ಮ ಮಾವ ಎರ್ರಪ್ಪ ಮಾತ್ರ ದಿನಾ ಕೇಳುತ್ತಿದ್ದ. ಅವನ ಬಾಯಲ್ಲಿ ತೆಲುಗೇ ಜಾಸ್ತಿ. "ನೀಳ್ಳು ಒಚ್ಚಿನಾಯಾ?" ನೀರು ಬಂತಾ ಎಂದು. ಕೈಕಾಲು ಗಟ್ಟಿ ಇದ್ದಾಗ ಅವನು ಕೆರೆಯ ನೀರುಗಂಟಿ. ತೂಬು ಎತ್ತಿ ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದವನು. ಅವನಿಗೊಂದು ತುಂಡು ಗದ್ದೆ ಇರಲಿಲ್ಲ. ಬಂತು ಮಾವ, ಬಂತು ಎಂದು ನಾನು ಸುಳ್ಳು ಹೇಳುತ್ತಿದ್ದೆ. ಅವನು ಕಣ್ಣು ಮುಚ್ಚುತ್ತಿದ್ದ.

ಮಳೆ ಬಂತು. ಈ ಸಲ ಸುಮ್ಮನೆ ತೂರಿ ಹೋಗುವ ಮಳೆಯಲ್ಲ. ಕೆರೆಗೆ ನೀರು ನಿಂತಿತು. ಫ್ಯಾಕ್ಟರಿಯವರು ಹೊಸ ಬೋರು ಕೊರೆಸಿದರು, ನೀರು ಬಾನೆತ್ತರ ಚಿಮ್ಮಿತು. ನಾವು ಕೆಲಸ ಬಿಟ್ಟು ಹೊರಗೆ ಓಡಿ ಬಂದು ನೋಡಿದೆವು. ಕಲ್ಯಾಣಿ ಮುಖ ಒಡ್ಡಿ ನೆನೆದಳು. ಇನ್ನು ನಮ್ಮ ಲೈನು ನಮಗೆ, ನಮ್ಮ ಬೋಗುಣಿ ನಮಗೆ ಎಂದುಕೊಂಡೆವು. ಎಂಥ ದಡ್ಡರು ನಾವು.

ಏನೂ ವಾಪಸು ಬರಲಿಲ್ಲ. ಹೊಸ ಬೋರಿನ ನೀರು ಗಡಸು, ನೂಲು ಮಾಸಲು ಬರುತ್ತಿತ್ತು. ಅದರ ಪೈಪನ್ನು ಸಂಪಿಗೆ ಕೂಡಿಸದೆ ಹುಲ್ಲಿಗೂ ಆಫೀಸಿಗೂ ಬಿಟ್ಟರು. ನಮ್ಮ ನೀರಲ್ಲಿ ನೂಲು ಬೆಳ್ಳಗೆ ಹೊಳೆಯುತ್ತಿತ್ತು, ಮಾರುಕಟ್ಟೆಯಲ್ಲಿ ಒಳ್ಳೆ ರೇಟು. ನಾನು ಹೋಗಿ ಕೇಳಿದೆ. ರಮೇಶ್‌ಬಾಬು ನನ್ನನ್ನು ಗದರಲಿಲ್ಲ. ಅವರು ಗದರುವ ಜಾತಿಯಲ್ಲ, ಮಾತು ಬೆಣ್ಣೆ. ತೊಂದರೆ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಬದಲಿ ಲೈನು ಉಪಯೋಗಿಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಅದಕ್ಕೆ ಓಡಿಸುತ್ತಲೇ ಇರಬೇಕು, ಟ್ರೈನಿಂಗಿನಲ್ಲಿ ಕೇಳಲಿಲ್ಲವಾ ಎಂದರು. ಅವರ ಆಪತ್ತು ಮುಗಿಯಿತು. ನಮ್ಮದು ಖಾಯಂ ಆಯಿತು.

ಆ ಟ್ರೈನಿಂಗಿನ ಹುಡುಗ ಇನ್ನೊಮ್ಮೆ ಬಂದ. ನೀರಿನ ಆಪತ್ತಿಗೆ ತಯಾರಾದ ಮಾದರಿ ಫ್ಯಾಕ್ಟರಿ ಎಂದು ಫೋಟೋ ತೆಗೆದುಕೊಳ್ಳಲು. ಅವತ್ತು ಬೋಗುಣಿಗಳು ಗೋಡೌನಿನಿಂದ ಬಂದು ನಮ್ಮ ಪಕ್ಕ ಕುಳಿತವು. ಕಕ್ಕಸಿನ ಬೀಗವೂ ಬಿಚ್ಚಿತು. ಹುಡುಗ ನನ್ನ ಬೇಸಿನ್ನಿನ ಮುಂದೆ ನಿಂತು, ಬದಲಿ ನೀರು ತುಂಬ ಶುದ್ಧವಂತೆ, ಹೌದೇನಮ್ಮಾ ಎಂದು ಕೇಳಿದ. ನಮ್ಮ ಕಾಲೊನಿ ನೀರು ಸಾರ್, ಕುಡಿದು ನೋಡಿ ಎಂದು ನಾನು ಬೋಗುಣಿ ಎತ್ತಿ ಹಿಡಿದೆ. ಕೈ ಚಾಚಿದ, ಪಾಪ. ರಮೇಶ್‌ಬಾಬು ಹತ್ತಿರ ಬಂದು ಕಿವಿಯಲ್ಲಿ ಏನೋ ಅಂದರು. ಅವನ ಕೈ ಹಾಗೇ ನಿಂತಿತು. ಆಮೇಲೆ ಜೇಬಿಗೆ ಹೋಯಿತು. ಆಫೀಸಿನಿಂದ ಬಾಟಲಿ ನೀರು ಬಂತು, ಅದನ್ನು ಕುಡಿದು ಹೊರಟ.

ಆ ನೀರಲ್ಲಿ ತೆಗೆದ ನೂಲು ಸೀರೆಯಾಗುತ್ತದೆ. ಮದುವೆಗೆ ಉಡುತ್ತಾರೆ, ಪೂಜೆಗೆ ಉಡುತ್ತಾರೆ, ದೇವಿಗೂ ಉಡಿಸುತ್ತಾರೆ. ಮಡಿ ಸೀರೆ ಅದು. ನಮ್ಮ ನೀರು ಅವರ ಮೈಮೇಲೆ ಕೂರಬಹುದು, ಬಾಯಿಗೆ ಹೋಗಬಾರದು. ನಾನು ಬೋಗುಣಿ ಕೆಳಗಿಟ್ಟು ಎಳೆ ಹಿಡಿದೆ. ಬೇರೇನು ಮಾಡಲಿ. ಸಂಜೆಗೆ ಬೋಗುಣಿಗಳು ಮತ್ತೆ ಗೋಡೌನು ಸೇರಿದವು.

ನಮ್ಮ ಮಾವ ಸತ್ತಿದ್ದು ಅದಾದ ಮೇಲೆ. ಬೆಳಿಗ್ಗೆ ಗಂಜಿ ಕುಡಿಸಿ ಕೆಲಸಕ್ಕೆ ಹೋಗಿದ್ದೆ. ಬಿಸಿಲೇರುವ ಹೊತ್ತಿಗೆ ನನ್ನ ಗಂಡ ಫ್ಯಾಕ್ಟರಿಯ ಗೇಟಿನ ಹತ್ತಿರ ಬಂದು ನಿಂತ. ಒಳಗೆ ಬರಲಿಲ್ಲ. ಅವನು ಟವೆಲನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದ, ಅದರಲ್ಲೇ ನನಗೆ ತಿಳಿಯಿತು.

ಹೆಣಕ್ಕೆ ನೀರು ಹಾಕಬೇಕು. ನಮ್ಮಲ್ಲಿ ಅದಕ್ಕೆ ಹಿಡಿದಿಟ್ಟ ನೀರು ನಡೆಯುವುದಿಲ್ಲ. ಬದುಕಿದ್ದವರು ಬಳಸಿ ಮಿಗಿಸಿದ್ದನ್ನು ಸತ್ತವರ ಮೇಲೆ ಸುರಿದರೆ ಅವರು ಬಾಯಾರಿಕೊಂಡೇ ಹೋಗುತ್ತಾರೆ ಎಂದು ನಂಬಿಕೆ. ಆಗ ತಾನೆ ಬಂದ ನೀರನ್ನು ಹೊಸ ಮಡಕೆಯಲ್ಲಿ ಹಿಡಿದು, ಕೆಳಗಿಡದೆ ತಂದು ಸುರಿಯಬೇಕು. ವಾಲ್ವು ಫ್ಯಾಕ್ಟರಿಯ ಕಡೆಗಿತ್ತು. ನನ್ನ ಗಂಡ ಹೆದರುವವನು. ಅಪ್ಪ ಸತ್ತಾಗಲೂ ಕೇಳದೆ ತಿರುಗಿಸಲು ಅವನ ಕೈ ಬರಲಿಲ್ಲ. ಕೇಳುವ ಧೈರ್ಯವೂ ಅವನಿಗಿಲ್ಲ. ಕೇಳಲು ನಾನೇ ಆಫೀಸಿಗೆ ಹೋದೆ.

ಮಾವ ಹೋಗಿಬಿಟ್ಟ ಸಾರ್, ಹೆಣ ತೊಳೆಯುವಷ್ಟು ಹೊತ್ತು ನಮ್ಮ ಕಡೆ ನೀರು ಬಿಟ್ಟುಕೊಳ್ತೀವಿ ಎಂದೆ. ರಮೇಶ್‌ಬಾಬು ಕುರ್ಚಿಯಿಂದ ಅರ್ಧ ಎದ್ದರು. ನಿಜವಾಗಿ ಪಾಪ ಅನ್ನಿಸಿತ್ತು ಅವರಿಗೆ, ನಾನು ಸುಳ್ಳು ಹೇಳುವುದಿಲ್ಲ. ನಮ್ಮ ತಂದೆ ಕಾಲದ ಮನುಷ್ಯ ಅಂದರು. ಆಮೇಲೆ ಕಿಟಕಿಯ ಕಡೆ ನೋಡಿದರು.

"ಈಗಷ್ಟೇ ಗೂಡು ಬೇಸಿಬಿಟ್ಟವ್ರೆ ಕಣಮ್ಮ. ಈಗ ನೀರ್ ನಿಂತ್ರೆ ಮಾಲೆಲ್ಲ ಕೆಟ್ಟೋಗ್ತದೆ. ಈ ಸರದಿ ಒಂದು ಮುಗೀಲಿ. ಹೆಣ ಎಲ್ಲಿಗೋಯ್ತದೆ?"

ಹೆಣ ಎಲ್ಲಿಗೂ ಹೋಗುವುದಿಲ್ಲ. ಅದು ಸರಿಯಾದ ಮಾತು. ಗೂಡಿನೊಳಗಿನ ಹುಳವೂ ಸತ್ತದ್ದೇ. ಆದರೆ ಆ ಹೆಣಕ್ಕೆ ನೀರು ನಿಲ್ಲಬಾರದು, ಈ ಹೆಣ ಕಾಯಬಹುದು. ನಾನು ಬಾಗಿಲು ಬಿಟ್ಟು ಅಲ್ಲಾಡಲಿಲ್ಲ. ಅವರಿಗೆ ಕಸಿವಿಸಿಯಾಯಿತು. ಹಾಗೆಲ್ಲ ಕೈಬಿಡುವುದಿಲ್ಲ, ಏನಾದರೂ ವ್ಯವಸ್ಥೆ ಮಾಡಿ ಕಳಿಸುತ್ತೇನೆ, ನಡಿ ಎಂದರು.

ಮನೆಗೆ ಬಂದೆ. ಮಾವನನ್ನು ಹುಣಸೆಮರದ ಕೆಳಗೆ ಬೆಂಚಿನ ಮೇಲೆ ಮಲಗಿಸಿದ್ದರು. ನೊಣ ಮುತ್ತಲು ಶುರುವಾಗಿತ್ತು. ನೆಂಟರು ಬರುತ್ತಿದ್ದರು. ತಮಟೆಯವರು ತಮಟೆ ಕಾಯಿಸಿಟ್ಟುಕೊಂಡು ಕಾಯುತ್ತಿದ್ದರು. ಹೊಸ ಮಡಕೆಗಳು ಖಾಲಿ ನಿಂತಿದ್ದವು. ನೀರಿಲ್ಲದೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಬಂದವರೆಲ್ಲ ಯಾಕೆ ಇನ್ನೂ ತೊಳೆದಿಲ್ಲ ಎಂದು ಕೇಳುವುದು, ನನ್ನ ಗಂಡ ತಲೆ ತಗ್ಗಿಸುವುದು. ವಾಟರ್‌ಮ್ಯಾನ್ ಅವನು. ಅವನ ಅಪ್ಪನಿಗೆ ನೀರಿಲ್ಲ.

ಕಡೆಗೆ ಗೂಡ್ಸ್ ಆಟೋ ಬಂತು. ಹಿಂದೆ ಒಂದು ನೀಲಿ ಡ್ರಮ್ಮು. ನೀರು ಬಂತು ನೀರು ಬಂತು ಎಂದು ಹುಡುಗರು ಕೂಗಿಕೊಂಡರು. ಆಟೋ ಇನ್ನೂ ನಿಂತಿರಲಿಲ್ಲ, ನನ್ನ ಮೂಗಿಗೆ ಹೊಡೆಯಿತು. ಆ ವಾಸನೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಕೈಯದೇ ವಾಸನೆ ಅದು.

ಬೇಸಿನ್ನಿನ ನೀರು. ಗೂಡು ಬಿಚ್ಚಿ ಆದ ಮೇಲೆ ಹೊರಗೆ ಬಿಡುವ ಕಂದು ನೀರು. ಚೆಲ್ಲದೆ ಇನ್ನೊಂದಕ್ಕೆ ಬಳಸಲು ಹಿಡಿದಿಟ್ಟಿದ್ದು. ಮೇಲೆ ಹುಳದ ಸಿಪ್ಪೆ ತೇಲುತ್ತಿತ್ತು. ಡ್ರೈವರು ಇಳಿದು ನಮ್ಮ ಮುಖಗಳನ್ನು ನೋಡಿ ತಡವರಿಸಿದ. ಮೈ ತೊಳೆಯುವುದಕ್ಕೆ ತಾನೆ, ಸಾಕಾಗುತ್ತದೆ ಅಂತ ಸಾರ್ ಹೇಳಿದರು ಎಂದ.

ನನ್ನ ಗಂಡ ಎದ್ದು ಹೋಗಿ ಡ್ರಮ್ಮಿಗೆ ಕೈ ಅದ್ದಿದ. ಮೂಸಿದ. ಕೈ ಒರೆಸಿಕೊಳ್ಳದೆ ಅಪ್ಪನ ಕಡೆ ನೋಡಿದ. ಊರಿಗೆಲ್ಲ ನೀರು ಹಂಚಿದ ಮನುಷ್ಯನಿಗೆ ಹುಳ ಬೆಂದ ನೀರು. ನಾಯಿ ಸತ್ತರೂ ಹಾಗೆ ಮಾಡುವುದಿಲ್ಲ.

ನನ್ನ ಗಂಡ ಜಗುಲಿಯ ಮೂಲೆಯಲ್ಲಿದ್ದ ವಾಲ್ವಿನ ಕೀ ಎತ್ತಿಕೊಂಡು ನಡೆದ. ನಾನು ಹಿಂದೆ ಹೋದೆ. ನನ್ನ ಹಿಂದೆ ಉಳಿದವರು ಬಂದರು. ಪಂಚೆ ಎತ್ತಿ ಕಟ್ಟದೆ, ಉಟ್ಟ ಬಟ್ಟೆಯಲ್ಲೇ ಗುಂಡಿಗೆ ಇಳಿದ. ರೊಚ್ಚಿನಲ್ಲಿ ಕೈ ಹಾಕಿ ಹುಡುಕಿದ. ತಿರುಗಿಸಿದ. ಗಂಡಸರು ಸುತ್ತ ನಿಂತಿದ್ದರು. ಯಾರೂ ಅವನನ್ನು ತಡೆಯಲಿಲ್ಲ.

ಕಾಲೊನಿಯ ನಲ್ಲಿಗಳು ಕೆಮ್ಮಿ ನೀರು ಕಾರಿದವು. ಹಗಲು ಹೊತ್ತಲ್ಲಿ ನಮ್ಮ ನಲ್ಲಿಯಲ್ಲಿ ನೀರು ನೋಡಿ ತಿಂಗಳುಗಳೇ ಆಗಿತ್ತು. ಮಡಕೆ ಹಿಡಿದೆವು, ಕೆಳಗಿಡದೆ ತಂದೆವು. ಮಾವನ ತಲೆಗೆ ಸುರಿದೆವು, ಎದೆಗೆ ಸುರಿದೆವು, ಬಿರಿದ ಅಂಗಾಲಿಗೆ ಸುರಿದೆವು. ಸಾಕು ಎಂದು ಯಾರೂ ಹೇಳಲಿಲ್ಲ. ಅಷ್ಟು ನೀರನ್ನು ಅವನು ಬದುಕಿದ್ದಾಗ ನಾನು ಅವನ ಮೈಮೇಲೆ ಹಾಕಿರಲಿಲ್ಲ. ಅದಕ್ಕೇ ನನಗೆ ಅಳು ಬಂತು.

ಕಲ್ಯಾಣಿ ಫ್ಯಾಕ್ಟರಿಯ ಕಡೆಯಿಂದ ಓಡಿ ಬಂದಳು. ಸಾವಿನ ಮನೆ ಎಂದೂ ನೋಡದೆ ನನ್ನ ರಟ್ಟೆ ಹಿಡಿದಳು. ಸಂಪು ಬರಿದಾಗಿ ಬೇಸಿನ್ನುಗಳಿಗೆ ನೀರು ನಿಂತುಹೋಗಿತ್ತು, ಗೂಡು ಕರಗಿ ಅಂಟಾಗಿತ್ತು, ಎಲ್ಲರನ್ನೂ ಹೊರಗೆ ಹಾಕಿ ಗೇಟು ಮುಚ್ಚಿದ್ದರು.

"ಅಕ್ಕ, ಏನ್ ಮಾಡ್ಬಿಟ್ರಿ ನೀವು? ನಾಳೆಯಿಂದ ಬರ್ಬೇಡಿ ಅಂದವ್ರೆ. ನನ್ ಮಗೂಗೆ ನೀರ್ ಕುಡಿಸ್ಕೊಂಡು ಸಾಕ್ಲಾ?"

ನಾನು ಡ್ರಮ್ಮಿನ ಕಡೆ ಕೈ ತೋರಿಸಿದೆ. ಅವಳು ಹೋಗಿ ನೋಡಿದಳು. ಅವಳಿಗೂ ಮೂಸಬೇಕಾಗಿರಲಿಲ್ಲ. ಆಮೇಲೆ ಬಂದು, ಮುಖ ಗಂಟಿಕ್ಕಿಕೊಂಡೇ, ಒಂದು ಮಡಕೆ ತೆಗೆದುಕೊಂಡು ನಲ್ಲಿಯ ಹತ್ತಿರ ಹೋದಳು.

ರಮೇಶ್‌ಬಾಬು ಕಾರಿನಲ್ಲಿ ಬಂದರು. ಕಾಲೊನಿಯೊಳಗೆ ಬರಲಿಲ್ಲ, ಗುಂಡಿಯ ಹತ್ತಿರ ನಿಂತು ಹೇಳಿ ಕಳಿಸಿದರು. ನಾವು ಹೋದೆವು. ಈಗಲೂ ಅವರು ಗದರಲಿಲ್ಲ. ಆಗಿದ್ದು ಆಯಿತು, ದುಃಖದಲ್ಲಿ ಮಾಡಿದ್ದೀರಿ, ಈಗ ತಿರುಗಿಸಿಬಿಡು, ನಾಳೆಯಿಂದ ಎಲ್ಲ ಮಾಮೂಲು ಎಂದರು ಕೋನಪ್ಪನಿಗೆ. ಅವನ ಪಂಚೆಯಿಂದ ರೊಚ್ಚು ಇಳಿಯುತ್ತಿತ್ತು. ಮೇಲುಮೈ ಅಪ್ಪನನ್ನು ತೊಳೆದ ನೀರಿನಲ್ಲಿ ನೆನೆದಿತ್ತು. ಕೀಯನ್ನು ಎರಡು ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದ.

"ತಗೊಳ್ಳಿ ಸಾರ್. ನೀವೇ ಇಳ್ದು ತಿರುಗಿಸ್ಕೊಳ್ಳಿ."

ರಮೇಶ್‌ಬಾಬು ಅರ್ಥವಾಗದವರಂತೆ ಕೀ ಇಸಿದುಕೊಂಡರು. ಗುಂಡಿಯೊಳಗೆ ನೋಡಿದರು. ಬಿಳಿ ಶೂಗಳನ್ನು ಒಂದು ಹೆಜ್ಜೆ ಹಿಂದಿಟ್ಟರು. ರೈಟರ್ ಕಡೆ ತಿರುಗಿದರು. ರೈಟರ್ ಫೋನು ನೋಡತೊಡಗಿದ. ಡ್ರೈವರು ಕಾರಿನ ಗಾಜು ಒರೆಸತೊಡಗಿದ. ಸಂಪು ಕಟ್ಟಿಸಿದ್ದರು, ಹೊಸ ಬೋರು ಕೊರೆಸಿದ್ದರು, ಜನರೇಟರ್ ತಂದಿದ್ದರು, ಪೈಪು ಎಳೆಸಿದ್ದರು, ಬೆಂಗಳೂರಿನವರಿಂದ ಮಾದರಿ ಎನ್ನಿಸಿಕೊಂಡಿದ್ದರು. ಅಷ್ಟೆಲ್ಲ ತಯಾರಿಯೂ ಹೊಲೆಯನೊಬ್ಬ ಹೇಲುಗುಂಡಿಗೆ ಇಳಿಯುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿತ್ತು. ಅವನು ಇಳಿಯುವುದಿಲ್ಲ ಎಂದರೆ ಏನು ಮಾಡಬೇಕೆಂದು ಯಾವ ಟ್ರೈನಿಂಗಿನಲ್ಲೂ ಹೇಳಿರಲಿಲ್ಲ.

ಕೀ ಅಲ್ಲೇ ಬಿಸಾಡಿ ಹೋದರು. ಹೋಗುವಾಗ ಮಾತ್ರ ಮಾತಿನ ಬೆಣ್ಣೆ ಕರಗಿಹೋಯಿತು. ಕೋನಪ್ಪನ ಕೆಲಸ ಇವತ್ತಿಗೆ ಮುಗಿಯಿತು, ಮಾಲು ನಷ್ಟ ಮಾಡಿದ್ದಕ್ಕೆ ಸ್ಟೇಷನ್ನಿಗೆ ಹೋಗುತ್ತೇನೆ, ಕಾಲೊನಿಯ ಒಬ್ಬಳನ್ನೂ ಗೇಟಿನೊಳಗೆ ಬಿಡುವುದಿಲ್ಲ ಎಂದರು. ಎಲ್ಲ ಮಾಡುತ್ತಾರೆ. ಅದರಲ್ಲಿ ನನಗೆ ಅನುಮಾನವಿಲ್ಲ.

ಮಾವನನ್ನು ಮಣ್ಣು ಮಾಡಿ ಬಂದೆವು. ಯಾರೂ ಮನೆಗೆ ಹೋಗಲಿಲ್ಲ. ಗುಂಡಿಯ ಸುತ್ತ ಕೂತೆವು. ಗೆದ್ದೆವು ಎಂದು ಯಾರ ಮುಖದಲ್ಲೂ ಇರಲಿಲ್ಲ. ನಾಳೆಯ ಹಿಟ್ಟು ಎಲ್ಲಿಂದ ತರುವುದು ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು ಸುಮ್ಮನಿರೇ ಎಂದಳು. ಕಲ್ಯಾಣಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ನೆಲ ನೋಡುತ್ತಿದ್ದಳು. ನನಗೂ ಹೆದರಿಕೆಯಿತ್ತು. ಎದ್ದು ಹೋಗುವುದಕ್ಕೆ ಜಾಗವಿರಲಿಲ್ಲ, ಅಷ್ಟೆ.

ಸಂಜೆಯ ಬಿಸಿಲಿಗೆ ರೈಟರ್‌ನ ಬೈಕು ಬಂತು. ಹಿಂದೆ ಒಬ್ಬ ಹುಡುಗ ಕೂತಿದ್ದ. ಬೈಕು ಸ್ವಲ್ಪ ದೂರದಲ್ಲೇ ನಿಂತಿತು, ಹುಡುಗ ಒಬ್ಬನೇ ನಡೆದು ಬಂದ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡಿದ್ದ. ಯಾರ ಪೈಕಿ ಎಂದು ಕೇಳಬೇಕಾಗಿರಲಿಲ್ಲ. ಈ ಗುಂಡಿಗೆ ಇಳಿಸಲು ಬೇರೆ ಯಾರನ್ನು ಕರೆತರುತ್ತಾರೆ. ಹೆಸರು ವೇಣು ಎಂದ, ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿ, ಪೈಪು ರಿಪೇರಿ ಇದೆ ಅಂತ ಕರೆದುಕೊಂಡು ಬಂದರು ಎಂದ. ನಮ್ಮ ಗುಂಪು ನೋಡಿ ಅವನಿಗೆ ಗಾಬರಿಯಾಗಿತ್ತು.

ನನ್ನ ಗಂಡ ಎದ್ದು ನಿಂತ. ಹೊಡೆಯುತ್ತಾನೇನೋ ಎಂದು ನಾನು ಅಡ್ಡ ಹೋದೆ. ಹುಡುಗನ ತುಟಿ ಒಣಗಿತ್ತು. ಮೊದಲು ನೀರು ಕುಡಿಯಪ್ಪ ಎಂದು ಚೊಂಬು ತಂದೆ. ಅವನು ಅಭ್ಯಾಸದಿಂದ ಬೊಗಸೆ ಒಡ್ಡಿ ಬಗ್ಗಿದ. ನಾನು ಸುರಿಯಲಿಲ್ಲ. ಚೊಂಬನ್ನೇ ಅವನ ಕೈಗಿಟ್ಟೆ. ಕಚ್ಚಿ ಕುಡಿದ, ಪೂರ್ತಿ ಕುಡಿದ. ಚೆನ್ನಾಗಿದೆ ನೀರು, ಎಲ್ಲಿಯದಕ್ಕ ಎಂದು ಕೇಳಿದ.

ಹೇಳಿದೆ. ನೀರಿನ ಕಥೆ ಹೇಳಿದೆ, ಡ್ರಮ್ಮಿನ ಕಥೆಯನ್ನೂ ಹೇಳಿದೆ. ಇಳೀಬೇಡ ಎಂದು ಮಾತ್ರ ಹೇಳಲಿಲ್ಲ. ಅವನ ಮನೆಯ ಒಲೆ ಹೇಗಿದೆಯೋ ನನಗೇನು ಗೊತ್ತು. ರೈಟರ್ ದೂರದಿಂದ ಹಾರನ್ ಹೊಡೆದ. ಹುಡುಗ ಗುಂಡಿಯನ್ನು ನೋಡಿದ, ನನ್ನ ಸುಲಿದ ಬೆರಳುಗಳನ್ನು ನೋಡಿದ. ಇನ್ನೊಮ್ಮೆ ಹಾರನ್ ಕೇಳಿಸಿತು. ಅವನು ಬಗ್ಗಿ, ಮಡಿಸಿದ್ದ ಪ್ಯಾಂಟನ್ನು ಒಂದು ಕಾಲಿನದು ಬಿಚ್ಚಿದ, ಇನ್ನೊಂದು ಕಾಲಿನದೂ ಬಿಚ್ಚಿ ಕೆಳಗಿಳಿಸಿಕೊಂಡ.

"ನಾನ್ ಇಳೀದಿದ್ರೆ ನಾಳೆ ಇನ್ನೊಬ್ರನ್ನ ಹಿಡ್ಕೊಂಡ್ ಬರ್ತಾರೆ ಅಕ್ಕ," ಎಂದ. "ಅವ್ರೂ ನಮ್ಮೋರೇ ಆಗಿರ್ತಾರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಕಲ್ಯಾಣಿ ತಲೆ ಎತ್ತಿದಳು.

"ಬರ್ಲಿ ಬಿಡಪ್ಪ. ಅವ್ರಿಗೂ ನೀರ್ ಕೊಡ್ತೀವಿ."